ಎರಡು ಬೆರಳಿನ ದೂರ

ಮಕರಂದ ಪಂಡಿತರು ಬಟ್ಟೆಯ ಮೇಲೆ ಬರೆದು ತಂದಿದ್ದ ನಕ್ಷೆ ಒಂದು ಕರವಸ್ತ್ರದಷ್ಟಿತ್ತು. ಮಾತು ಮಾತ್ರ ಜಮಖಾನದಷ್ಟಿತ್ತು.

"ಪ್ರಭು, ಹೀಗೊಂದು ಉದ್ಯಾನ ಇಂದ್ರನಿಗೂ ಇಲ್ಲ. ತಮ್ಮ ಲಾಂಛನದ ನವಿಲೇ ಇಲ್ಲಿ ಗರಿ ಬಿಚ್ಚಿ ನಿಂತಿದೆ. ಒಂದೊಂದು ಗರಿಯೂ ಎದೆಯೆತ್ತರದ ಹಸಿರು ಬೇಲಿ. ಇದರಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ."

ಕೆಂದಾಳಪುರದ ದೊರೆ ಗಜಾಂಕರಾಯರು ನಕ್ಷೆಯ ಮೇಲೆ ಬಾಗಿ ನೋಡಿದರು. ನವಿಲು ಕಂಡಿತು. ಅಲ್ಲಿಗೆ ಅವರಿಗೆ ಉಳಿದದ್ದೇನೂ ಕಾಣಲಿಲ್ಲ.

ಕಂಡದ್ದು ಕುಂಬಾರಗೇರಿಯ ಮಾಳವ್ವನಿಗೆ. ಗೇರಿಯ ಹೆಂಗಸರ ಪರವಾಗಿ ಅವಳು ಸಭೆಗೆ ಬಂದಿದ್ದಳು.

"ಬುದ್ಧೀ, ನವಿಲು ಚೆಂದಾಗದೆ. ಆದ್ರೆ ಅದ್ರ ಬಾಲ ನಮ್ಮ ದಾರಿ ಮ್ಯಾಲೇ ಬಿದ್ದದೆ. ಈಗ ಗೇರಿಯಿಂದ ಸೀನೀರು ಬಾವಿಗೆ ನೆಟ್ಟಗೆ ಹೋಗಿ ಬತ್ತೀವಿ. ಬೇಲಿ ಎದ್ದರೆ ಬಾಲವೆಲ್ಲ ಸುತ್ತಬೇಕು, ತಲೆ ಮ್ಯಾಲೊಂದು ಕೊಡ, ಸೊಂಟದಲ್ಲೊಂದು ಕೊಡ."

ಪಂಡಿತರು ನಕ್ಕು ನಕ್ಷೆಯ ಮೇಲೆ ಬೆರಳಿಟ್ಟರು. "ನೋಡಮ್ಮ, ನೆಟ್ಟಗೆ ಹೋದರೆ ಒಂದು ಬೆರಳು. ಸುತ್ತಿ ಹೋದರೆ ಮೂರು. ಹೆಚ್ಚಾದದ್ದು ಎರಡೇ ಬೆರಳು."

"ಎರಡು ಬೆರಳಿಗಾಗಿ ನವಿಲಿನ ಬಾಲ ಕತ್ತರಿಸಲೇ?" ಎಂದರು ದೊರೆ. ಸಭೆಯೆಲ್ಲ ನಕ್ಕಿತು. ಮಾಳವ್ವ ತನ್ನ ಕೈಬೆರಳುಗಳನ್ನೊಮ್ಮೆ ನೋಡಿಕೊಂಡು, ಕೈಮುಗಿದು ಹೊರಟುಹೋದಳು.

ಆಸ್ಥಾನದ ವಿದೂಷಕ ಅಚ್ಚಣ್ಣ ಒಬ್ಬನೇ ನಗಲಿಲ್ಲ. ನಗಿಸುವ ಸಂಬಳ ತಿನ್ನುವವನಿಗೆ ಯಾವ ನಗು ಹಳಸಿದ್ದು ಅಂತ ಗೊತ್ತಾಗುತ್ತದೆ. ಅವನಿಗೆ ಮೈಯೆಲ್ಲ ಉರಿಯಿತು. ಆದರೆ ದೊರೆಯ ಮುಂದೆ ಉರಿ ತೋರಿಸಿದರೆ ಕೆಲಸ ಕೆಡುತ್ತದೆಂದು ಮುಖಕ್ಕೆ ಜೇನು ಸವರಿಕೊಂಡು ಎದ್ದ.

"ಪ್ರಭು, ಗಿಡ ನೆಡುವ ಮೊದಲು ನೆಲದ ಮೇಲೆ ಗೂಟ ಹೊಡೆದು ಹಗ್ಗ ಕಟ್ಟಿ ನೋಡುವುದು ಕಸುಬಿನ ಪದ್ಧತಿ. ಅಲ್ಲವೇ ಪಂಡಿತರೇ? ಹಗ್ಗದ ನವಿಲಿನೊಳಗೆ ಮೊದಲು ಪ್ರಭುಗಳ ಪಾದವೇ ಬೀಳಲಿ. ಅಂದಿನ ಊಟ ನನ್ನದು."

ಪಂಡಿತರು ಉಬ್ಬಿದರು. "ಹಾಗೇ ಆಗಲಿ. ಆದರೆ ಹಗ್ಗವೆಂದರೆ ಬೇಲಿ ಇದ್ದಂತೆ. ಯಾರೂ ದಾಟಕೂಡದು."

"ಯಾರೂ ದಾಟಕೂಡದು," ಎಂದು ದೊರೆ ಅಪ್ಪಣೆ ಮಾಡಿಬಿಟ್ಟರು. ಅಚ್ಚಣ್ಣನಿಗೆ ಬೇಕಾದದ್ದೂ ಅಷ್ಟೇ.

ಹಗ್ಗ ಕಟ್ಟಿದ್ದಾಯಿತು. ಕುಂಬಾರಗೇರಿಯ ಬದಿಗೆ ಚಪ್ಪರ ಎದ್ದಿತು. ನಡುಹಗಲಿಗೆ ಎಲೆ ಹಾಕಿದರು. ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಖಾರದ ಗೊಜ್ಜು, ಅದರ ಮೇಲೆ ಮೆಣಸಿನಕಾಯಿ ಬೋಂಡ. ದೊರೆಗೆ ಖಾರವೆಂದರೆ ಪ್ರಾಣ. ಎರಡನೇ ಬೋಂಡಕ್ಕೆ ಕಣ್ಣಲ್ಲಿ ನೀರು ಬಂತು, ಎಲೆಯ ಪಕ್ಕದ ಲೋಟದಲ್ಲಿ ಮಾತ್ರ ಇರಲಿಲ್ಲ.

"ಅಚ್ಚಣ್ಣ, ನೀರು!"

"ಇದೆ ಪ್ರಭು. ಅಗೋ, ಎದುರಿಗೇ ಬಾವಿಕಟ್ಟೆಯ ಮೇಲೆ ಹೊಸ ಮಡಕೆಯಲ್ಲಿ ತಣ್ಣಗೆ ಇಟ್ಟಿದ್ದೇನೆ."

ದೊರೆ ಎದ್ದು ನಾಲ್ಕು ಹೆಜ್ಜೆ ಹಾಕಿದರು. ಹೊಟ್ಟೆಗೆ ಹಗ್ಗ ತಗುಲಿತು.

"ಅದು ಬೇಲಿ, ಪ್ರಭು. ಯಾರೂ ದಾಟಕೂಡದು ಅಂತ ತಮ್ಮದೇ ಅಪ್ಪಣೆ." ಅಚ್ಚಣ್ಣ ವಿನಯದಿಂದ ನಕ್ಷೆ ಬಿಚ್ಚಿದ. "ಒಳಗೆ ಮೊದಲ ಪಾದವೂ ತಮ್ಮದೇ ಬೀಳಬೇಕು. ಸುತ್ತಿ ಹೋದರಾಯಿತು. ಎರಡೇ ಬೆರಳು ಹೆಚ್ಚು."

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅವನು ದೊರೆಯಾದರೂ ಸರಿ. ಗಜಾಂಕರಾಯರು ಹೊರಟರು. ಹಿಂದೆ ಪಂಡಿತರು, ಅವರ ಹಿಂದೆ ನಕ್ಷೆ ಹಿಡಿದ ಅಚ್ಚಣ್ಣ, ಕೊನೆಗೊಬ್ಬ ಸೇವಕ. ಬಿಸಿಲು ನೆತ್ತಿಯ ಮೇಲಿತ್ತು. ಒಂದು ಗರಿಯ ತುದಿಗೆ ಹೋಗಿ ತಿರುಗಿದರೆ ಇನ್ನೊಂದು ಗರಿ. ಬಾವಿ ಒಮ್ಮೆ ಬಲಕ್ಕೆ ಕಾಣುವುದು, ಒಮ್ಮೆ ಬೆನ್ನ ಹಿಂದೆ ಹೋಗುವುದು.

"ಪಂಡಿತರೇ," ಎಂದರು ದೊರೆ ಏದುಸಿರು ಬಿಡುತ್ತ, "ನವಿಲೆಲ್ಲಿ?"

"ನಾವು ಅದರ ಬಾಲದಲ್ಲೇ ಇದ್ದೇವೆ, ಪ್ರಭು."

"ನನಗೆ ಬರೀ ಹಗ್ಗ ಕಾಣುತ್ತಿದೆ."

"ಮೇಲಿನಿಂದ ನೋಡಿದರೆ..." ಎಂದು ಪಂಡಿತರು ತೊದಲಿದರು.

ಅಚ್ಚಣ್ಣ ಆಕಾಶ ನೋಡಿದ. ಅಲ್ಲೊಂದು ಹದ್ದು ನಿಧಾನಕ್ಕೆ ಸುತ್ತುತ್ತಿತ್ತು. "ಅದಕ್ಕೆ ಚೆನ್ನಾಗಿ ಕಾಣುತ್ತಿದೆ, ಪ್ರಭು."

ಬಾವಿಕಟ್ಟೆ ಮುಟ್ಟುವ ಹೊತ್ತಿಗೆ ದೊರೆಯ ಕಿರೀಟ ಸೇವಕನ ಕೈಯಲ್ಲಿತ್ತು, ಶಾಲು ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅವರು ಕುಡಿದ ನೀರು ಗಂಟಲಿಗಿಂತ ಎದೆಗೇ ಹೆಚ್ಚು ಸುರಿಯಿತು. ಸುಧಾರಿಸಿಕೊಂಡು ಕೂರುವಷ್ಟರಲ್ಲಿ ಅಚ್ಚಣ್ಣ ತುಂಬಿದ ಕೊಡವೊಂದನ್ನು ತಂದು ಪಂಡಿತರ ಹೆಗಲಿಗೇರಿಸಿದ.

"ಇದೇನಯ್ಯ?"

"ಪಾಯಸ ಇನ್ನೂ ಬಡಿಸಿಲ್ಲ, ಪಂಡಿತರೇ. ಊಟ ಮುಗಿದ ಮೇಲೆ ಪ್ರಭುಗಳು ಮತ್ತೆ ನೀರಿಗೆ ಇಷ್ಟು ದೂರ ಬರಬೇಕೇ? ಬಾವಿಗೆ ಬಂದವರು ಬರಿಗೈಲಿ ಹೋಗುವ ರೂಢಿ ಕುಂಬಾರಗೇರಿಯಲ್ಲಿ ಇಲ್ಲ."

ದೊರೆ ಹೂಂ ಎಂದರು. ಪಂಡಿತರು ಹೊತ್ತರು. ಎರಡು ಗರಿ ಸುತ್ತುವಷ್ಟರಲ್ಲಿ ಪಂಚೆ ಒದ್ದೆಯಾಯಿತು, ಮೂರನೆಯದಕ್ಕೆ ಕೊಡ ಇಳಿಸಿ ಅದರ ಪಕ್ಕದಲ್ಲೇ ಕುಕ್ಕರಿಸಿದರು. ಹಗ್ಗದಾಚೆ ಮಾಳವ್ವ ನಿಂತಿದ್ದಳು. ಅವಳೂ ನಗಲಿಲ್ಲ. "ಸಿಂಬಿ ಇಟ್ಕಳಿ ಸ್ವಾಮಿ, ಹೆಗಲು ಕೆತ್ತೋಯ್ತದೆ," ಎಂದು ಕೊಡದಡಿಗೆ ಇಡುವ ತನ್ನ ಬಟ್ಟೆಯ ಸಿಂಬಿಯನ್ನು ಹಗ್ಗದ ಮೇಲಿಂದ ಚಾಚಿದಳು.

ದೊರೆ ಆ ಸಿಂಬಿಯನ್ನು ನೋಡಿದರು, ಪಂಡಿತರನ್ನು ನೋಡಿದರು. "ಇನ್ನೆಷ್ಟು ದೂರ, ಪಂಡಿತರೇ?"

ಪಂಡಿತರು ಹೆಗಲು ಉಜ್ಜಿಕೊಂಡರು. ಅಚ್ಚಣ್ಣ ನಕ್ಷೆಯ ಮೇಲೆ ಬೆರಳಿಟ್ಟ. "ಇನ್ನೊಂದು ಬೆರಳು, ಪ್ರಭು. ಅಳೆದದ್ದು ಪಂಡಿತರ ಕೈ, ನಡೆಯಬೇಕಾದದ್ದು ಮಾಳವ್ವನ ಕಾಲು. ಅದೊಂದೇ ವ್ಯತ್ಯಾಸ."

ದೊರೆ ತಮ್ಮ ಕೈಯಾರೆ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದರು. "ಈ ದಾರಿ ಇದ್ದಲ್ಲೇ ಇರಲಿ. ಅಡ್ಡ ಬರುವ ಗರಿಗಳನ್ನೆಲ್ಲ ಕಿತ್ತುಹಾಕಿ."

"ಪ್ರಭು, ಮೇಲಿನಿಂದ ನೋಡಿದರೆ ನವಿಲು ಬೋಳಾಗಿ ಕಾಣುತ್ತದೆ," ಎಂದು ಪಂಡಿತರು ಕೂತಲ್ಲಿಂದಲೇ ಗೋಗರೆದರು.

ದೊರೆಗೆ ತಡೆಯಲಾರದಷ್ಟು ನಗು ಬಂತು. ಕೈಯ ಕಡಗ ತೆಗೆದು ಅಚ್ಚಣ್ಣನಿಗೆ ತೊಡಿಸುತ್ತ ಅಂದರು: "ಹದ್ದುಗಳು ದೂರು ತಂದರೆ ವಿಚಾರಿಸುವ ಕೆಲಸ ಇಂದಿನಿಂದ ನಿನ್ನದು."

"ಸುಲಭದ ಕೆಲಸ ಕೊಟ್ಟಿರಿ, ಪ್ರಭು," ಎಂದ ಅಚ್ಚಣ್ಣ. "ಅವು ನೀರಿಗೆ ಹಾರಿಕೊಂಡು ಹೋಗುತ್ತವೆ. ದೂರು ಹೇಳಬೇಕಾದವರು ನಡೆದು ಹೋಗುವವರು."