ತಿಪ್ಪೇಶಿ ನೀರು ಬಿಟ್ಟಿದ್ದು

ನಗೋರು ನಗ್ರಿ, ಆದರೆ ಯಾರನ್ನು ನೋಡಿ ನಗ್ತಿದ್ದೀರಿ ಅನ್ನೋದು ಗೊತ್ತಿರಲಿ. ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಅಪ್ಪ ಸತ್ತ ಮೇಲೆ ನೀರಗಂಟಿ ಕೆಲಸ ಇವನ ಪಾಲಿಗೆ ಬಂತು: ಕೆರೆಯ ತೂಬು ಎತ್ತಿ ಊರ ಗದ್ದೆಗಳಿಗೆ ನೀರು ಬಿಡಬೇಕು. ಭತ್ತ ಹಾಲುಗಟ್ಟುವ ಹೊತ್ತು. ಈಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು, ಓಬಮ್ಮನ ಮಡಕೆಯಲ್ಲಿ ವರ್ಷವಿಡೀ ಅನ್ನವಿಲ್ಲ.

ಆಗಲೇ ಜೀಪಿನಲ್ಲಿ ನೀರಾವರಿ ಇಲಾಖೆಯ ಸಾಹೇಬರು ಬಂದರು.

"ದೇಶದ ಉತ್ಪಾದನೆ ಹೆಚ್ಚಬೇಕು! ಸರ್ಕಾರ ನೀರಿನ ನೀತಿ ಸುಧಾರಿಸಿದೆ! ಇನ್ನು ಒಂದು ಹನಿಯೂ ಪೋಲಾಗಕೂಡದು!"

"ಆಗಲಿ ಸ್ವಾಮಿ."

ತಿಪ್ಪೇಶಿ ತೂಬು ಮುಚ್ಚಿ ಅದರ ಮೇಲೆ ಕೂತುಬಿಟ್ಟ. ಹನಿಯೂ ಹೋಗಲಿಲ್ಲ. ಗದ್ದೆ ಬಿರುಕು ಬಿಟ್ಟಿತು.

"ಅಯ್ಯೋ ಮಂಕೇ!" ಅಂತ ಅವ್ವ ಕೂಗಿದಳು. "ಕೇಳಿದವರಿಗೆ ನೀರು ಬಿಡಬೇಕು ಕಣೋ!"

"ಆಗಲಿ ಅವ್ವ."

ಮಾರನೇ ದಿನ ಇಟ್ಟಿಗೆ ಗೂಡಿನ ಬಸವಂತಪ್ಪ ನೀರು ಕೇಳಿದ. ಅವನ ಗಂಟಲು ಪಕ್ಕದೂರಿಗೂ ಕೇಳಿಸುತ್ತದೆ. ಇಡೀ ಕಾಲುವೆ ಅವನ ಮಣ್ಣಿನ ಗುಂಡಿಗೆ ತಿರುಗಿತು.

"ಭತ್ತಕ್ಕೆ ಯಾಕೋ ಬಿಡಲಿಲ್ಲ, ಹಾಳಾದವನೇ?"

"ಭತ್ತ ಕೇಳಲಿಲ್ಲವಲ್ಲವ್ವ!"

ನಕ್ಕಿರಾ? ಕೂಗಿದವನಿಗೆ ಮಾತ್ರ ನೀರು ಬಿಡುವ ಪೆದ್ದರು ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದಾರೆ. ಅವರನ್ನು ಕಂಡರೆ ಕೈ ಮುಗೀತೀರಿ!

ಓಬಮ್ಮ ಹಣೆ ಚಚ್ಚಿಕೊಂಡಳು. "ಎಲ್ಲರಿಗೂ ಸಮನಾಗಿ ಹಂಚೋ!"

ಹಂಚಿದ. ಎಕರೆಗಟ್ಟಲೆ ಗದ್ದೆಗೂ ಒಂದು ಕೊಡ, ಅಂಗೈಯಗಲದ ಗದ್ದೆಗೂ ಒಂದು ಕೊಡ. ಗದ್ದೆಯೇ ಇಲ್ಲದ ಮೇಷ್ಟ್ರ ಅಂಗಳಕ್ಕೆ ಒಂದು ಕೊಡ. ಸಾಹೇಬರ ಜೀಪಿನ ಸೀಟಿಗೂ ಒಂದು ಕೊಡ!

"ಏಯ್! ನನ್ನ ಪ್ಯಾಂಟು!"

ಅವ್ವ ಓಡಿ ಬಂದಳು. "ಹಿಂಗಲ್ಲವೋ ದಡ್ಡ! ಯಾರಿಗೆ ಕಡಿಮೆ ಇದೆ ನೋಡು, ಅವರಿಗೆ ಕೊಡು!"

"ಆಗಲಿ ಅವ್ವ."

ಈ ಸಲ ಪೆದ್ದ ಸರಿಯಾಗೇ ನೋಡಿದ. ಒಣಗಿದ ಗದ್ದೆಗಳಲ್ಲೆಲ್ಲ ನೀರು ನಿಂತಿತು. ಓಬಮ್ಮನ ಭತ್ತ ತಲೆ ಎತ್ತಿತು. ಅವಳು ನೆಮ್ಮದಿಯಿಂದ ಉಣ್ಣಲು ಮನೆಗೆ ಹೋದಳು.

ಇತ್ತ ಸಾಹೇಬರು ಕೆರೆ ಏರಿಯ ಮೇಲೆ ನಿಂತು ಬಾಯಿ ಬಡಿದುಕೊಂಡರು. "ಕೆರೆಯಲ್ಲಿ ನೀರು ಕಡಿಮೆಯಾಗಿದೆ! ಮೇಲಿನವರಿಗೆ ಏನು ತೋರಿಸಲಿ?"

ಕಡಿಮೆಯೇ? ತಿಪ್ಪೇಶಿ ಕೊಡ ಹಿಡಿದು ಗದ್ದೆಗಿಳಿದ. ಅವ್ವನ ಗದ್ದೆಯಿಂದಲೇ ಶುರು. ಮೊಗೆದ, ಹೊತ್ತ, ಕೆರೆಗೆ ಸುರಿದ. ಮೊಗೆದ, ಹೊತ್ತ, ಕೆರೆಗೆ ಸುರಿದ.

ಓಬಮ್ಮ ಕೈ ತೊಳೆದು ಬಂದು ನೋಡಿದರೆ ಗದ್ದೆಯಲ್ಲಿ ಬರೀ ಕೆಸರು. ಏರಿಯ ಮೇಲೆ ಸಾಹೇಬರ ಚಪ್ಪಾಳೆ. "ಭೇಷ್! ಇದಪ್ಪ ಸುಧಾರಣೆ!"

"ಭತ್ತ, ಸ್ವಾಮಿ?"

"ಅದು ಬೇರೆ ಇಲಾಖೆ ಕಣಮ್ಮ."

ಓಬಮ್ಮ ಬದುವಿನ ಮೇಲೆ ಕುಸಿದು ಗೊಳೋ ಅಂತ ಅತ್ತಳು. ತಿಪ್ಪೇಶಿ ಓಡಿ ಬಂದು ಅವಳ ಗಲ್ಲದ ಕೆಳಗೆ ಕೊಡ ಹಿಡಿದ.

"ಅಲ್ಲಾಡಬೇಡವ್ವ! ಕೆರೆಗೆ ಇನ್ನೂ ಒಂಚೂರು ಬೇಕು!"