ಊರಾಚೆಯ ಬೋರಿಂಗು

"ಅವ್ವಾ, ನನ್ನ ಕೆಲಸಗಾರರನ್ನು ನಾನು ಹೊಟ್ಟೆಯ ಮಕ್ಕಳ ಹಾಗೆ ನೋಡಿಕೊಳ್ಳುತ್ತೇನೆ. ಆದರೂ ನನ್ನ ಪ್ರೀತಿ ಅವರನ್ನು ಯಾಕೆ ತಲುಪುವುದಿಲ್ಲ?" ಎಂದು ಗುರುಪಾದಪ್ಪ ಕೇಳಿದ.

ಗುರುಪಾದಪ್ಪನದು ಲಾರಿಗಳಿಗೆ ಬ್ರೇಕ್ ಲೈನರು ಮಾಡುವ ಸಣ್ಣ ಕಾರ್ಖಾನೆ. ಮಠದ ನೀಲವ್ವನಿಗೆ ಅವನು ಹಳೆಯ ಶಿಷ್ಯ. ನೀಲವ್ವ ಅಕ್ಷರ ಕಲಿತವಳಲ್ಲ. ಆದರೆ ಆ ಸೀಮೆಯಲ್ಲಿ ಯಾರ ಮನಸ್ಸು ಕಲಕಿದರೂ ಅವಳ ಒಲೆಯ ಮುಂದೆ ಬಂದು ಕೂರುತ್ತಿದ್ದರು. ಅವಳು ಮೊದಲು ರೊಟ್ಟಿ ಕೊಡುತ್ತಿದ್ದಳು, ಮಾತು ಆಮೇಲೆ.

"ಏನಾತು ತಮ್ಮಾ?"

"ನನ್ನಲ್ಲಿ ಲೈನರು ಉಜ್ಜುವವನೊಬ್ಬ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದಾನೆ. ಚಳಿಗೆ ಆಗಲಿ ಅಂತ ಒಳ್ಳೆಯ ರಗ್ಗು ಕೊಂಡು ಕಳಿಸಿದೆ. ಅವನ ಹೆಂಡತಿ ಮಡಿಕೆ ಕೂಡ ಬಿಚ್ಚದೆ ವಾಪಸು ಕಳಿಸಿದಳು. ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡುತ್ತೇನೆ. ಅವರ ಮನೆಯ ಮದುವೆಗೆ ಹೋಗಿ ಅಕ್ಷತೆ ಹಾಕುತ್ತೇನೆ. ನನ್ನಲ್ಲಿ ಏನು ಕಡಿಮೆಯಾಯಿತು? ಇದು ತಿಳಿಯದೆ ನನಗೆ ಊಟ ಸೇರುತ್ತಿಲ್ಲ."

"ಸೇರದಿದ್ದರೂ ಕೂರು. ರೊಟ್ಟಿ ಆರತದ," ಎಂದು ನೀಲವ್ವ ತಟ್ಟೆ ಮುಂದಿಟ್ಟಳು. ಆಮೇಲೆ ಈ ಕತೆ ಹೇಳಿದಳು.

ಒಬ್ಬ ಕೆಲಸಗಾರನಿದ್ದ. ಅವನಿದ್ದ ಸೀಮೆಗೆ ಚೀಲಗಟ್ಟಲೆ ಕಲ್ನಾರು ಬರುತ್ತಿತ್ತು. ನೋಡಲು ಹತ್ತಿಯ ಹಾಗೆ ಮೆತ್ತಗೆ, ಹುಟ್ಟಿದ್ದು ಮಾತ್ರ ಕಲ್ಲಿನಲ್ಲಿ. ಬೆಂಕಿಗೆ ಹಾಕಿದರೂ ಸುಡದು. ಅದಕ್ಕೇ ಅದು ಎಲ್ಲರಿಗೂ ಬೇಕು. ಒಂದು ಕಡೆ ಮನೆಗೆ ಹೊದಿಸುವ ಶೀಟಿಗೆ ಕಲಸುತ್ತಿದ್ದರು. ಒಂದು ಕಡೆ ಹಗ್ಗ ಹೊಸೆದು ಬಾಯ್ಲರಿಗೆ ಸುತ್ತುತ್ತಿದ್ದರು. ಇನ್ನೊಂದು ಕಡೆ ಗಾಡಿಗಳ ಬ್ರೇಕಿಗೆ ಒತ್ತಿ ಉಜ್ಜುತ್ತಿದ್ದರು. ನಮ್ಮ ಕೆಲಸಗಾರ ಇವುಗಳಲ್ಲಿ ಒಂದು ಕಡೆ ದುಡಿಯುತ್ತಿದ್ದ. ಯಾವ ಕಡೆ ಅನ್ನುವುದು ಬೇಡ, ಧೂಳು ಎಲ್ಲ ಕಡೆಯೂ ಅದೇ.

ಅವನಿಗೆ ಒಬ್ಬಳು ಪುಟ್ಟ ಮಗಳು. ಸಂಜೆ ಅವನು ಮನೆಗೆ ಬರುವಾಗ ತಲೆ, ಹುಬ್ಬು, ಮೀಸೆ ಎಲ್ಲ ಧೂಳು ಕೂತು ಅಜ್ಜನ ಹಾಗೆ ಬೆಳ್ಳಗಾಗಿರುತ್ತಿತ್ತು. ಮಗಳು ಓಣಿಯ ತುದಿಯಲ್ಲೇ ಕಾದಿರುತ್ತಿದ್ದಳು. "ನಮ್ಮ ಮುತ್ಯಾ ಬಂದ! ನಮ್ಮ ಮುತ್ಯಾ ಬಂದ!" ಎಂದು ಕೂಗುತ್ತ ಓಡಿಬಂದು ಹೆಗಲೇರುತ್ತಿದ್ದಳು. ಎರಡೂ ಕೈಯಿಂದ ಅವನ ತಲೆ ಬಡಿಯುತ್ತಿದ್ದಳು, ಹುಬ್ಬಿಗೆ ಉಫ್ ಎಂದು ಊದುತ್ತಿದ್ದಳು. ಕರಿ ಕೂದಲು ಕಂಡ ಮೇಲೆ, "ಈಗ ಅಪ್ಪ ಆದಿ ನೋಡು," ಎಂದು ಕೆನ್ನೆಗೆ ಕೆನ್ನೆ ಹಚ್ಚುತ್ತಿದ್ದಳು. ದಿನದ ದಣಿವೆಲ್ಲ ಅವನಿಗೆ ಅಲ್ಲೇ ಇಳಿದುಹೋಗುತ್ತಿತ್ತು.

ಒಂದು ದಿನ ಚಹಾದಂಗಡಿಯಲ್ಲಿ ಕೂತು ಅವನು ಈ ಆಟದ ಸುದ್ದಿ ಹೇಳಿದ. ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಒಬ್ಬ ಮುದುಕ ನಗಲಿಲ್ಲ. ಅವನೂ ಅದೇ ಕೆಲಸ ಮಾಡಿ ಬಿಟ್ಟವನು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಉಸಿರಿಗಾಗಿ ಮತ್ತೆ ಮತ್ತೆ ನಿಲ್ಲುತ್ತಿದ್ದ.

"ಮೈ ತೊಳೀದ ಆ ಕೂಸನ್ನ ಮುಟ್ಟಬ್ಯಾಡ," ಎಂದ ಮುದುಕ. "ದವಾಖಾನ್ಯಾಗ ನನ್ನ ಎದಿ ಫೋಟೋ ತಗದು ಹೇಳ್ಯಾರ. ಈ ಧೂಳು ಒಳಗ ಹೋದರ ಅಲ್ಲೇ ಕೂಡತದ. ಇವತ್ತ ಏನೂ ತೋರಸೂದಿಲ್ಲ. ಆ ಕೂಸು ದೊಡ್ಡಾಕಿ ಆಗಿ, ತನ್ನ ಕೂಸನ್ನ ಎತ್ತಿ ಆಡಸೂ ಹೊತ್ತಿಗೆ ತೋರಸ್ತದ. ನನ್ನಾಕಿ ಕಾರ್ಖಾನಿ ಬಾಗಲಾ ಸೈತ ನೋಡಿದಾಕಿ ಅಲ್ಲ. ದಿನಾ ನನ್ನ ಅಂಗಿ ಝಾಡಿಸಿ ಒಗೀತಿದ್ದಳು, ಅಷ್ಟ. ನನಗಿಂತ ಮೊದಲ ಆಕಿನೇ ಹೋದಳು."

ಕೆಲಸಗಾರ ಚಹಾ ಅಲ್ಲೇ ಇಟ್ಟು ಎದ್ದುಹೋದ.

ಅಂದು ಸಂಜೆ ಮಗಳು ಓಡಿಬಂದಳು. ಅವನು ದೂರದಿಂದಲೇ, "ಬರಬ್ಯಾಡ! ಮುಟ್ಟಬ್ಯಾಡ!" ಎಂದು ಚೀರಿದ. ಅಪ್ಪ ಅಷ್ಟು ಜೋರು ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಹೋಗಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದು ಅವಳು ಉಣ್ಣಲಿಲ್ಲ. ಅವನೂ ಉಣ್ಣಲಿಲ್ಲ. ಕೆಲಸ ಬಿಡೋಣವೆಂದರೆ ಆ ಸೀಮೆಯಲ್ಲಿ ಯಾವ ಬಾಗಿಲು ತಟ್ಟಿದರೂ ಒಳಗೆ ಇದ್ದದ್ದು ಅದೇ ಧೂಳು. ಹೆಂಡತಿಗೆ ಹೇಳೋಣವೆಂದರೆ, ಇಷ್ಟು ದಿನ ಹೊತ್ತು ತಂದು ಮನೆಯಲ್ಲಿ ಸುರಿದದ್ದೇನು ಎಂದು ಹೇಗೆ ಬಾಯಿ ಬಿಟ್ಟಾನು?

ಮಾರನೆಯ ದಿನದಿಂದ ಅವನು ಮನೆಗೆ ತಡವಾಗಿ ಬರತೊಡಗಿದ. ಬಂದಾಗ ತಲೆ ಒದ್ದೆ, ಅಂಗಿ ಶುಭ್ರ. ಕೆಲಸದ ಅಂಗಿಯನ್ನು ಹೆಂಡತಿಗೆ ಒಗೆಯಲು ಕೊಡುವುದನ್ನೇ ಬಿಟ್ಟ. ಮಗಳನ್ನು ಕರೆದು ಎತ್ತಿಕೊಳ್ಳಲು ಹೋದ. ಅವಳು ದೂರ ನಿಂತು, "ಮುತ್ಯಾ ಎಲ್ಲಿ?" ಎಂದು ಕೇಳಿದಳು.

"ಮುತ್ಯಾ ಊರಿಗೆ ಹೋದ."

"ನೀನು ಜೋರು ಮಾಡಿದಿ, ಅದಕ್ಕೇ ಹೋದ," ಎಂದು ಅವಳು ಬೆನ್ನು ತಿರುಗಿಸಿದಳು.

ಹೆಂಡತಿ ನೋಡುವಷ್ಟು ದಿನ ಸುಮ್ಮನೆ ನೋಡಿದಳು. ಪಕ್ಕದ ಮನೆಯವಳು ಬಿಟ್ಟಾಳೆಯೇ? "ಏನವ್ವಾ, ನಿನ್ನ ಗಂಡ ಕೆಲಸಕ್ಕ ಹೋಗಿ ಬರ್ತಾನೋ, ಬೀಗರ ಮನಿಗೆ ಹೋಗಿ ಬರ್ತಾನೋ? ದಿನಾ ಮದುಮಗನಂಗ ಮಿಂದು ಬರ್ತಾನಲ್ಲ!" ಎಂದಳು. ಆ ಮಾತು ಹೆಂಡತಿಯ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಒಂದು ಸಂಜೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕಾರ್ಖಾನೆಯ ದಾರಿ ಹಿಡಿದಳು. ಸವತಿಯ ಜುಟ್ಟು ಹಿಡಿಯುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ನಡೆದಳು.

ಊರಾಚೆ, ಜಾಲಿಮರದ ಕೆಳಗೆ, ಕೈಯಲ್ಲಿ ಒತ್ತುವ ಒಂದು ಬೋರಿಂಗು ಇತ್ತು. ಗಂಡ ಅಲ್ಲಿದ್ದ. ಒಬ್ಬನೇ ಇದ್ದ. ಅಂಗಿಯನ್ನು ಝಾಡಿಸದೆ ಮೊದಲು ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದ. ಹಿಡಿಕೆಯನ್ನು ಜೋರಾಗಿ ಒತ್ತುತ್ತಿದ್ದ. ನೀರು ಬಂದೊಡನೆ ಓಡಿಬಂದು ತಲೆ ಒಡ್ಡುತ್ತಿದ್ದ. ಅಷ್ಟರಲ್ಲಿ ನೀರು ನಿಂತುಹೋಗುತ್ತಿತ್ತು. ಮತ್ತೆ ಓಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಥಂಡಿ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

ಹೆಂಡತಿ ಹತ್ತಿರ ಬಂದಳು. "ಅಲ್ಲೇ ನಿಲ್ಲು," ಎಂದು ಅವನು ಕೈ ಅಡ್ಡ ಹಿಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮುದುಕ ಹೇಳಿದ್ದನ್ನೆಲ್ಲ ಹೇಳಿದ. ಕಡೆಗೆ, "ನನ್ನೊಳಗ ಹೋದದ್ದು ಹೋತು. ಆಕಿಯೊಳಗ, ನಿನ್ನೊಳಗ ಇನ್ನ ಹೋಗೂದು ಬ್ಯಾಡ," ಎಂದ.

ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. "ನಿನ್ನ ಬಾಯಿಗಿಷ್ಟು! ನಾನು ಸವತಿನ್ನ ಹುಡಕ್ಕೊಂಡು ಬಂದರ ಇಲ್ಲಿ ಬೋರಿಂಗು ಸಿಕ್ಕಿತು," ಎಂದಳು. ಮಗಳನ್ನು ಕೆಳಗಿಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿಕೆಗೆ ಕೈ ಹಾಕಿದಳು. "ಕೂರು. ಮದುವಿಯಾದ ಮ್ಯಾಲ ಒಬ್ಬನೇ ಯಾಕ ಒದ್ದಾಡ್ತಿ?"

ಅವಳು ಒತ್ತಿದಳು. ನೀರು ನಿಲ್ಲದೆ ಬಂತು. ಅವನು ಕಣ್ಣು ಮುಚ್ಚಿ ಕೂತ. ಮಿಂದು ಒಣ ಬಟ್ಟೆ ಉಟ್ಟ ಮೇಲೆ ಮಗಳು ಮೆಲ್ಲಗೆ ಬಂದು ಹೆಗಲೇರಿದಳು. ಅವನ ತಲೆ ಬಡಿದಳು. ಏನೂ ಉದುರಲಿಲ್ಲ. ಹುಬ್ಬಿಗೆ ಊದಿದಳು. ಏನೂ ಹಾರಲಿಲ್ಲ. ಸ್ವಲ್ಪ ಯೋಚಿಸಿ, "ಮುತ್ಯಾ ಅಲ್ಲೇ ಇರಲಿ ಬಿಡು," ಎಂದು ಕೆನ್ನೆಗೆ ಕೆನ್ನೆ ಹಚ್ಚಿದಳು.

ಅಂದಿನಿಂದ ಹೆಂಡತಿ ದಿನಾ ಸಂಜೆ ಅಷ್ಟು ದೂರ ನಡೆದು ಬಂದು ಗಂಡನಿಗೆ ನೀರು ಒತ್ತುತ್ತಾಳೆ. ಅವನಿಗೆ ಈಗ ಕೆಮ್ಮು ಶುರುವಾಗಿದೆ. ಮಗಳಿಗೆ ಏನೂ ಆಗದಿರಲಿ ಎಂದು ಇಬ್ಬರೂ ದಿನಾ ದೇವರಿಗೆ ಕೈ ಮುಗಿಯುತ್ತಾರೆ.

ಕತೆ ನಿಂತಿತು. ಗುರುಪಾದಪ್ಪನ ಕಣ್ಣು ತುಂಬಿದ್ದವು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡ. ಆಮೇಲೆ ಅವನಿಗೆ ಸಿಟ್ಟು ಬಂತು.

"ಅವ್ವಾ, ಆ ಬಡಪಾಯಿ ಊರಾಚೆ ಯಾಕೆ ಥಂಡಿಯಲ್ಲಿ ಮೀಯಬೇಕಿತ್ತು? ದುಡಿಯುವ ಜಾಗದಲ್ಲಿ ಒಂದು ನಲ್ಲಿ ಇರಲಿಲ್ಲವೇ? ಧೂಳು ಏಳದ ಹಾಗೆ ನೀರು ಚಿಮುಕಿಸುವವರು ಇರಲಿಲ್ಲವೇ? ಅವನ ಧಣಿ ಎಂಥ ಕಟುಕ!"

ನೀಲವ್ವ ಅವನ ತಟ್ಟೆಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಅವನ ಬೆನ್ನ ಮೇಲೆ ಕೈಯಿಟ್ಟಳು.

"ಕಟುಕ ಅಲ್ಲೋ ತಮ್ಮಾ, ಕೆಲಸಗಾರರನ್ನ ಹೊಟ್ಟೆಯ ಮಕ್ಕಳ ಹಾಗೆ ನೋಡಿಕೊಳ್ಳೋನೇ."