ಕರೆಗೆ ಬಾರದ ಮರಿ

ಪ್ರಯೋಗಾಲಯದ ಪಂಜರವೊಂದರಲ್ಲಿ ಕಪಿಲೆ ಎಂಬ ತಾಯಿ ಇಲಿಯಿದ್ದಳು. ಅವಳ ಮಗ ಸೂಜಿ ಹುಟ್ಟುಕಿವುಡ. ವಂಶವಾಹಿಯಲ್ಲಿದ್ದ ಒಂದು ದೋಷದಿಂದ ಅವನ ಒಳಗಿವಿಯಲ್ಲಿ ಸದ್ದು ಹಿಡಿಯುವ ಜೀವಕೋಶಗಳು ಬೆಳೆದೇ ಇರಲಿಲ್ಲ. ಇದನ್ನು ಪಂಜರದ ಇಲಿಗಳ ಯಜಮಾನ, ಹಿರಿಯ ಇಲಿ ಮೀಸೆಯಪ್ಪನಿಗೆ ಹೇಳಿ ಹೇಳಿ ಕಪಿಲೆ ಸೋತಿದ್ದಳು.

ಊಟಕ್ಕೆ ಕರೆದಾಗ ಬಾರದವರಿಗೆ ಊಟವಿಲ್ಲ ಎಂಬುದು ಮೀಸೆಯಪ್ಪನ ಕಟ್ಟಳೆ. ಒಂದು ದಿನ ಆಚೆ ಮುಖ ಮಾಡಿ ಕೂತಿದ್ದ ಸೂಜಿ ತಡವಾಗಿ ಓಡಿಬಂದಾಗ ಯಜಮಾನ ಅವನನ್ನು ಒದ್ದು ಅಟ್ಟಿದ.

"ಅವನಿಗೆ ಕೇಳಿಸುವುದಿಲ್ಲ, ಯಜಮಾನರೇ. ಹೋಗಿ ಬೆನ್ನು ಮುಟ್ಟಿದರೆ ಬರುತ್ತಾನೆ," ಎಂದಳು ಕಪಿಲೆ.

"ನಮ್ಮ ಹಾಗೆಯೇ ಎರಡು ಕಿವಿ ಇವೆಯಲ್ಲ. ಅದು ಕಿವುಡಲ್ಲ, ಸೊಕ್ಕು. ಇವನೊಬ್ಬನಿಗಾಗಿ ನಾನು ಎದ್ದು ಓಡಾಡಬೇಕೇ?"

ಕಪಿಲೆಯ ಮೈಯೆಲ್ಲ ಉರಿದುಹೋಯಿತು. ಮರುದಿನ ಎಲ್ಲರೂ ಮಲಗಿದ್ದಾಗ ಅವಳು ಕಾಳಿನ ಬಟ್ಟಲಿಗೆ ಅಡ್ಡ ನಿಂತು, ದನಿ ಹೊರಡಿಸದೆ ಬಾಯಿ ಮಾತ್ರ ಆಡಿಸಿದಳು. ಯಾರೂ ಏಳಲಿಲ್ಲ. ಹಸಿವಾಗಿ ಮೀಸೆಯಪ್ಪ ಎದ್ದು ಬಂದಾಗ ಹಲ್ಲು ತೋರಿಸಿ ತಡೆದಳು.

"ನಾನು ಕರೆದೆ, ನೀವು ಬರಲಿಲ್ಲ. ಇವತ್ತು ನಿಮಗೆ ಊಟವಿಲ್ಲ."

"ಕೇಳಿಸದ ಕರೆಗೆ ಬರುವುದು ಹೇಗೆ?"

"ನಿನ್ನೆ ನನ್ನ ಮಗನೂ ಅದನ್ನೇ ಕೇಳಬೇಕೆಂದಿದ್ದ. ನೀವು ಬಾಯಿ ತೆರೆಯಲು ಬಿಡಲಿಲ್ಲ."

ಮೀಸೆಯಪ್ಪ ತಾನೇ ನಡೆದುಹೋಗಿ ಸೂಜಿಯ ಬೆನ್ನು ಮುಟ್ಟಿದ. ಮತ್ತೆ ಒದೆ ಬೀಳುತ್ತದೆಂದು ಮರಿ ಮುದುಡಿಕೊಂಡಿತು. ಅದನ್ನು ಕಂಡು ಕಪಿಲೆಯ ಸಿಟ್ಟು ಇನ್ನೂ ಏರಿತು.

"ಅವನು ಹೆದರದೆ ಹೊಟ್ಟೆ ತುಂಬ ತಿನ್ನುವವರೆಗೆ ನೀವು ದೂರ ಕೂತಿರಿ," ಎಂದಳು.

ಮೀಸೆಯಪ್ಪ ದೂರ ಹೋಗಿ ಕೂತ.